ಹೆಸರೋ, ಎರಡಕ್ಷರವೋ, ಸಹಿಯೋ, ಚಿತ್ರವೋ: ಫ್ರೀಲ್ಯಾನ್ಸರ್‌ಗೆ ಯಾವ ಲೋಗೋ ಸರಿ?

ಫ್ರೀಲ್ಯಾನ್ಸ್ ಆಗಿ ಡಿಸೈನ್, ಫೋಟೋ, ಚಿತ್ರ, ವಿಡಿಯೋ ಕೆಲಸ ಮಾಡುವವರು ಸ್ವಂತ ಲೋಗೋ ಮಾಡಲು ಕೂತಾಗ ಮೊದಲು ಯೋಚಿಸುವುದು ಆಕಾರದ ಬಗ್ಗೆ. ನನ್ನ ಪ್ರಕಾರ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಈ ಲೋಗೋ ಎಲ್ಲೆಲ್ಲಿ ಕೂರಬೇಕು? ಒಂದು ಹಾಳೆ ತಗೊಂಡು ಪಟ್ಟಿ ಮಾಡಿ. ಪೋರ್ಟ್‌ಫೋಲಿಯೋ ಸೈಟ್‌ನ ಮೇಲ್ಭಾಗ, ಬ್ರೌಸರ್ ಟ್ಯಾಬ್‌ನ ಪುಟ್ಟ ಐಕಾನ್, ಇನ್‌ವಾಯ್ಸ್, ಕೊಟೇಶನ್, ಇಮೇಲ್‌ನ ಕೊನೆ, ಫೋಟೋ ಮೇಲಿನ ವಾಟರ್‌ಮಾರ್ಕ್, ವಿಡಿಯೋದ ಕೊನೆಯ ಫ್ರೇಮ್, ವಿಸಿಟಿಂಗ್ ಕಾರ್ಡ್. ಇವುಗಳಲ್ಲಿ ನಿಮಗೆ ನಿಜವಾಗಿ ಬೇಕಾಗುವುದು ನಾಲ್ಕೋ ಐದೋ ಇರಬಹುದು, ಆ ನಾಲ್ಕೈದೇ ನಿಮ್ಮ ಆಯ್ಕೆಯನ್ನು ಅರ್ಧ ತೀರ್ಮಾನ ಮಾಡಿಬಿಡುತ್ತವೆ.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಒಬ್ಬರೇ ದುಡಿಯುವವರಲ್ಲಿ ಜಾಸ್ತಿ ಜನಕ್ಕೆ ಹೊಂದುವುದು ತಮ್ಮ ಹೆಸರನ್ನೇ ಚೆನ್ನಾಗಿ ಬರೆದ ಲೋಗೋ, ಜೊತೆಗೆ ಚಿಕ್ಕ ಜಾಗಗಳಿಗೆ ಅದರಿಂದಲೇ ತೆಗೆದ ಒಂದು ಅಕ್ಷರ. ಉಳಿದ ದಾರಿಗಳು ಕೆಟ್ಟವಲ್ಲ, ಆದರೆ ಅವುಗಳಿಗೆ ಒಂದು ಕಾರಣ ಬೇಕು. ಕಾರಣ ಯಾವಾಗ ಸಾಕಷ್ಟು ಗಟ್ಟಿ, ಯಾವಾಗ ಅಲ್ಲ ಎನ್ನುವುದನ್ನೇ ಕೆಳಗೆ ನೋಡೋಣ.

ಬರೀ ಹೆಸರು

ಇದನ್ನು ವರ್ಡ್‌ಮಾರ್ಕ್ ಅಂತಾರೆ. ನಿಮ್ಮ ಹೆಸರು, ಒಂದು ಫಾಂಟ್, ಅಷ್ಟೇ. ನೋಡಲು ಸುಲಭ ಅನಿಸಿದರೂ ಇದರಲ್ಲಿ ಮಾಡುವ ಕೆಲಸ ಬೇಕಾದಷ್ಟಿದೆ. ಫ್ರೀಲ್ಯಾನ್ಸರ್‌ಗೆ ಕೆಲಸ ಬರುವುದು ಹೆಚ್ಚಾಗಿ ಬಾಯಿಂದ ಬಾಯಿಗೆ. ಒಬ್ಬ ಕ್ಲೈಂಟ್ ಇನ್ನೊಬ್ಬರಿಗೆ ಹೇಳುವುದು "ಅವರ ಹೆಸರು ಇಂಥದ್ದು, ವಿಚಾರಿಸಿ ನೋಡಿ" ಅಂತ. ಆ ಹೆಸರನ್ನು ಹುಡುಕಿಕೊಂಡು ಬಂದವರಿಗೆ ಸೈಟ್ ತೆರೆದ ಕೂಡಲೇ ಅದೇ ಹೆಸರು ಕಣ್ಣಿಗೆ ಬಿದ್ದರೆ ಸರಿಯಾದ ಜಾಗಕ್ಕೆ ಬಂದಿದ್ದೇವೆ ಅಂತ ಗೊತ್ತಾಗುತ್ತದೆ. ಒಂದು ಅಮೂರ್ತ ಆಕಾರ ಇದ್ದರೆ ಆ ಖಾತರಿ ಸಿಗಲ್ಲ.

ಇನ್ನೊಂದು ಲಾಭ, ನಿಮ್ಮ ಕೆಲಸ ಬದಲಾದರೂ ಹೆಸರು ಬದಲಾಗುವುದಿಲ್ಲ. ಇವತ್ತು ಪುಸ್ತಕದ ಮುಖಪುಟ ಮಾಡುವವರು ಮೂರು ವರ್ಷಕ್ಕೆ ಆ್ಯನಿಮೇಶನ್‌ಗೆ ಹೊರಳಬಹುದು. ಪೆನ್ಸಿಲ್ ಅಥವಾ ಕ್ಯಾಮೆರಾ ಚಿತ್ರ ಹಾಕಿಕೊಂಡ ಲೋಗೋ ಆಗ ಸುಳ್ಳು ಹೇಳಲು ಶುರು ಮಾಡುತ್ತದೆ. ಹೆಸರು ಹಾಗಲ್ಲ.

ತೊಂದರೆ ಎಲ್ಲಿ ಅಂದರೆ ಚಿಕ್ಕ ಜಾಗದಲ್ಲಿ. ಬ್ರೌಸರ್ ಟ್ಯಾಬ್‌ನ ಐಕಾನ್ 16 ಪಿಕ್ಸೆಲ್ ಅಗಲ, 16 ಪಿಕ್ಸೆಲ್ ಎತ್ತರ. ಕಾಮೆಂಟ್ ಪಕ್ಕದ ಪ್ರೊಫೈಲ್ ವೃತ್ತ ಸುಮಾರು 40 ಪಿಕ್ಸೆಲ್ ಅಂತ ಇಟ್ಟುಕೊಂಡರೂ ಅಂಚು ಬಿಟ್ಟು ನಿಮಗೆ ಸಿಗುವುದು 32 ಇರಬಹುದು, ಅದರಲ್ಲಿ ಹನ್ನೆರಡು ಅಕ್ಷರದ ಹೆಸರು ತುಂಬಿದರೆ ಒಂದೊಂದು ಅಕ್ಷರಕ್ಕೆ ಮೂರು ಪಿಕ್ಸೆಲ್ ಕೂಡ ಬರುವುದಿಲ್ಲ. ಅದಕ್ಕೇ ಒಂಟಿ ಅಕ್ಷರದ ಎರಡನೇ ರೂಪ ಬೇಕು ಅಂದದ್ದು. ಅದನ್ನು ಬೇರೆಯಾಗಿ ಕಂಡುಹಿಡಿಯಲು ಹೋಗಬೇಡಿ. ಹೆಸರಿನಲ್ಲಿರುವ ಅದೇ ಅಕ್ಷರ, ಅದೇ ದಪ್ಪ, ಅದೇ ತಿರುವು. ಎರಡೂ ಒಂದೇ ಮನೆಯವು ಅಂತ ಕಾಣಬೇಕು.

ಫಾಂಟ್ ಆರಿಸಿ ಟೈಪ್ ಮಾಡಿ ಬಿಟ್ಟರೆ ಅದು ಲೋಗೋ ಆಗುವುದಿಲ್ಲ, ಟೈಪ್ ಮಾಡಿದ ಹೆಸರಾಗಿಯೇ ಉಳಿಯುತ್ತದೆ. ಅಕ್ಷರಗಳ ನಡುವಿನ ಅಂತರ ಕೈಯಿಂದ ಸರಿಮಾಡಿ. ಇಂಗ್ಲಿಷ್‌ನ ಎ ಪಕ್ಕ ವಿ, ಟಿ ಪಕ್ಕ ಓ ಬಂದಾಗ ಮಧ್ಯೆ ಹೊಂಡದಂತೆ ಖಾಲಿ ಕಾಣುತ್ತದೆ, ಪಠ್ಯದಲ್ಲಿ ಗಮನಕ್ಕೆ ಬಾರದ ಇದು ದೊಡ್ಡದಾಗಿ ಹಾಕಿದಾಗ ಎದ್ದು ಕಾಣುತ್ತದೆ. ನಂತರ ಒಂದೇ ಒಂದು ಅಕ್ಷರದಲ್ಲಿ ಏನಾದರೂ ನಿಮ್ಮದು ಸೇರಿಸಿ: ಒಂದು ಗೆರೆ ಮೊಟಕು ಮಾಡಿ, ಒಂದು ಬಾಲ ಉದ್ದ ಮಾಡಿ, ಎರಡು ಅಕ್ಷರ ಜೋಡಿಸಿ. ಒಂದು ಸಾಕು. ಮೂರು ಕಡೆ ಕೈ ಹಾಕಿದರೆ ಓದುವವರ ಕಣ್ಣು ಹೆಸರು ಬಿಟ್ಟು ಆಟದ ಕಡೆ ಹೋಗುತ್ತದೆ.

ಕನ್ನಡದಲ್ಲಿ ಬರೆದರೆ

ಹೆಸರನ್ನು ಕನ್ನಡ ಲಿಪಿಯಲ್ಲೇ ಲೋಗೋ ಮಾಡಬೇಕೆಂಬ ಆಸೆ ತುಂಬ ಜನಕ್ಕಿದೆ, ನನಗೂ ಅದು ಇಷ್ಟ. ನಮ್ಮ ಅಕ್ಷರಗಳ ದುಂಡುತನ ಲೋಗೋಗೆ ಹೇಳಿಮಾಡಿಸಿದಂತಿದೆ. ಆದರೆ ಲ್ಯಾಟಿನ್ ಅಕ್ಷರಗಳಿಗೆ ಇಲ್ಲದ ಕೆಲವು ಸವಾಲುಗಳು ಇಲ್ಲಿವೆ, ಅವನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಏತ್ವಗಳು ಮೇಲೆ ಏರುತ್ತವೆ, ಹಾಗಾಗಿ ಹೆಸರಿನ ಎತ್ತರ ಒಂದೇ ಸಮ ಇರುವುದಿಲ್ಲ. "ಕಮಲ" ಅಂತ ಬರೆದರೆ ಒಂದು ಪಟ್ಟಿಯಂತೆ ನೇರವಾಗಿ ಕೂರುತ್ತದೆ, "ಪ್ರಜ್ವಲ್" ಅಂತ ಬರೆದರೆ ಕೆಳಗೆ ಎರಡು ಕಡೆ ಜೋತುಬೀಳುತ್ತದೆ. ಸೈಟ್‌ನ ಮೇಲಿನ ತೆಳು ಪಟ್ಟಿಯಲ್ಲಿ ಎರಡನೆಯದನ್ನು ಕೂರಿಸಲು ಇಡೀ ಹೆಸರನ್ನು ಚಿಕ್ಕದು ಮಾಡಬೇಕಾಗುತ್ತದೆ. ಇನ್ನೊಂದು ಸೂಕ್ಷ್ಮ ಇದೆ: ದ ಮತ್ತು ಧ, ಪ ಮತ್ತು ಫ, ಬ ಮತ್ತು ಭ ಇವುಗಳ ನಡುವಿನ ವ್ಯತ್ಯಾಸ ಇರುವುದು ಒಂದು ಪುಟ್ಟ ಗೆರೆಯಲ್ಲಿ. ಗಾತ್ರ ಇಳಿದಾಗ ಮೊದಲು ಮಾಯವಾಗುವುದು ಅದೇ ಗೆರೆ. ಧನ್ಯ ಅಂತ ಬರೆದದ್ದು ದನ್ಯ ಆಗಿಬಿಡುತ್ತದೆ. ಇಂಥ ಹೆಸರಿದ್ದರೆ ಚಿಕ್ಕ ಗಾತ್ರಕ್ಕಾಗಿಯೇ ಆ ಗೆರೆಯನ್ನು ಸ್ವಲ್ಪ ದಪ್ಪ, ಸ್ವಲ್ಪ ಉದ್ದ ಮಾಡಿದ ಬೇರೆ ಆವೃತ್ತಿ ಇಟ್ಟುಕೊಳ್ಳಿ.

ಫಾಂಟ್ ವಿಷಯದಲ್ಲಿ ಈಗ ಕೊರತೆ ಇಲ್ಲ. ಅನೇಕ್ ಕನ್ನಡ, ಬಾಲೂ ತಮ್ಮ, ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ, ಓಪನ್ ಫಾಂಟ್ ಲೈಸೆನ್ಸ್ ಅಡಿಯಲ್ಲಿವೆ, ಅಂದರೆ ದುಡ್ಡಿನ ಕೆಲಸಕ್ಕೂ ಲೋಗೋಗೂ ಬಳಸಬಹುದು. ಬಾಲೂ ತಮ್ಮ ದಪ್ಪ, ಖುಷಿಯ ಅಕ್ಷರ, ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವವರಿಗೆ ಒಪ್ಪುತ್ತದೆ. ತಿರೋ ಕನ್ನಡ ಹಳೆಯ ಅಚ್ಚಿನ ಪುಸ್ತಕದ ಗಂಭೀರತೆ ಇರುವಂಥದ್ದು. ಅನೇಕ್‌ನಲ್ಲಿ ತೆಳುವಿನಿಂದ ದಪ್ಪದವರೆಗೆ, ಕಿರಿದರಿಂದ ಅಗಲದವರೆಗೆ ಬೇಕಾದ ಹಾಗೆ ಎಳೆಯಬಹುದು, ಉದ್ದ ಹೆಸರಿನವರಿಗೆ ಇದು ದೊಡ್ಡ ಅನುಕೂಲ.

ಎರಡೂ ಲಿಪಿ ಬೇಕಾ? ನಿಮ್ಮ ಕ್ಲೈಂಟ್‌ಗಳಲ್ಲಿ ಕನ್ನಡ ಓದಲು ಬಾರದವರು ಇದ್ದರೆ ಬೇಕು. ಆಗ ಎರಡನ್ನೂ ಒಂದೇ ಲೋಗೋದಲ್ಲಿ ತುರುಕುವ ಬದಲು ಎರಡು ಜೋಡಿ ಆವೃತ್ತಿ ಮಾಡಿ. ಗೆರೆಯ ದಪ್ಪ ಸಮ ಇರಲಿ. ಲ್ಯಾಟಿನ್ ದೊಡ್ಡಕ್ಷರಗಳ ಪಕ್ಕ ಅದೇ ಪಾಯಿಂಟ್ ಸೈಜಿನ ಕನ್ನಡ ಕೆಲವೊಮ್ಮೆ ಚಿಕ್ಕದಾಗಿ ಕಾಣುತ್ತದೆ, ಹಾಗಾಗಿ ಅಂಕಿಯನ್ನು ನಂಬಬೇಡಿ, ಕಣ್ಣಿನಿಂದ ಅಳೆಯಿರಿ.

ಎರಡಕ್ಷರದ ಮೊನೊಗ್ರಾಂ

ಹೆಸರಿನ ಮೊದಲಕ್ಷರಗಳನ್ನು ಹೆಣೆದು ಒಂದು ಗುರುತು. ಇದರ ಇತಿಹಾಸ ದೊಡ್ಡದು. ಜರ್ಮನಿಯ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ (1471–1528) ತನ್ನ ಅಚ್ಚುಚಿತ್ರಗಳ ಮೇಲೆ ಅಗಲವಾದ ಎ, ಅದರ ಕಾಲುಗಳ ನಡುವೆ ಪುಟ್ಟ ಡಿ ಹಾಕುತ್ತಿದ್ದ. ಐನೂರು ವರ್ಷ ದಾಟಿದರೂ ಅದು ನೋಡಿದ ಕೂಡಲೇ ಅವನದು ಅಂತ ತಿಳಿಯುತ್ತದೆ. ಅದು ಎಷ್ಟು ಬೆಲೆಬಾಳುತ್ತಿತ್ತು ಅಂದರೆ ಅವನ ಚಿತ್ರಗಳನ್ನು ನಕಲು ಮಾಡಿದವರು ಆ ಗುರುತನ್ನೂ ಸೇರಿಸಿ ನಕಲು ಮಾಡಿದರು. ಆ ಗುರುತು ಕೆಲಸ ಮಾಡಿದ್ದು ಯಾಕೆ ಎಂದು ನೋಡಿ: ಒಂದಕ್ಷರ ಇನ್ನೊಂದರ ಒಳಗೆ ತಾನಾಗಿಯೇ ಕೂತಿದೆ. ಎಳೆದು ಬಗ್ಗಿಸಿಲ್ಲ.

ನಿಮ್ಮ ಅಕ್ಷರಗಳು ಹಾಗೆ ಕೂಡಿದರೆ ಅದೃಷ್ಟ. ಕೂಡದಿದ್ದರೆ ಒತ್ತಾಯ ಮಾಡಬೇಡಿ. ಕಾಲಿಗೆ ಕಾಲು ಸಿಕ್ಕಿಸಿ, ಕನ್ನಡಿಯ ಹಾಗೆ ತಿರುಗಿಸಿ, ಅರ್ಧ ಕತ್ತರಿಸಿ ಮಾಡಿದ ಮೊನೊಗ್ರಾಂ ಮಾಡಿದವರಿಗೆ ಮಾತ್ರ ಓದಲು ಬರುತ್ತದೆ. ಇನ್ನೊಂದು ಲೆಕ್ಕವೂ ಇದೆ. ಇಂಗ್ಲಿಷ್‌ನ 26 ಅಕ್ಷರದಲ್ಲಿ ಎರಡೆರಡು ಜೋಡಿಸಿದರೆ ಆಗುವುದು ಒಟ್ಟು 676 ಜೋಡಿ. ಜಗತ್ತಿನ ಎಲ್ಲ ಡಿಸೈನರ್‌ಗಳು, ಫೋಟೋಗ್ರಾಫರ್‌ಗಳು, ವಕೀಲರು, ಅಂಗಡಿಗಳು ಆ 676ರಲ್ಲೇ ಹಂಚಿಕೊಳ್ಳಬೇಕು. ಎಸ್ ಮತ್ತು ಕೆ ಸೇರಿಸಿದ ಗುರುತು ನಿಮ್ಮದೊಂದೇ ಅಂತ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಹಾಗಾಗಿ ಮೊನೊಗ್ರಾಂ ಒಂಟಿಯಾಗಿ ನಿಲ್ಲಬೇಕಾದ ಲೋಗೋ ಅಲ್ಲ, ಹೆಸರಿನ ಜೊತೆಗಾರ. ಹೆಸರು ತುಂಬ ಉದ್ದ ಇರುವವರಿಗೆ, ಕ್ಯಾನ್ವಾಸ್ ಅಥವಾ ಮರದ ಮೇಲೆ ಮುದ್ರೆ ಒತ್ತುವವರಿಗೆ, ಬಟ್ಟೆ ಮೇಲೆ ಕಸೂತಿ ಹಾಕುವವರಿಗೆ ಇದು ನಿಜಕ್ಕೂ ಉಪಯೋಗ.

ಸಹಿ

ಫೋಟೋಗ್ರಾಫರ್‌ಗಳು ಮತ್ತು ಚಿತ್ರ ಬರೆಯುವವರು ಹೆಚ್ಚು ಹೋಗುವ ದಾರಿ ಇದು. ಚಿತ್ರ ಬರೆಯುವವರಿಗೆ ಪೂರ್ತಿ ಒಪ್ಪುತ್ತೇನೆ, ಯಾಕೆಂದರೆ ಚಿತ್ರದಲ್ಲಿ ಎಳೆದ ಗೆರೆ, ಸಹಿಯಲ್ಲಿ ಎಳೆದ ಗೆರೆ ಒಂದೇ ಕೈಯದು. ಫೋಟೋಗೆ ಅಷ್ಟು ಒಪ್ಪುವುದಿಲ್ಲ. ತೆಳು ಗೆರೆಯ ಸಹಿಯನ್ನು ಫೋಟೋ ಮೂಲೆಯಲ್ಲಿ ಹಾಕಿದಾಗ ಹಿಂದೆ ಎಲೆಯೋ ಜನಜಂಗುಳಿಯೋ ಇದ್ದರೆ ಅದು ಕರಗಿಹೋಗುತ್ತದೆ, ಕಾಣಲಿ ಅಂತ ದೊಡ್ಡದು ಮಾಡಿದರೆ ಫೋಟೋ ಹಾಳಾಗುತ್ತದೆ. ವಾಟರ್‌ಮಾರ್ಕ್‌ಗೆ ಬೇಕಾಗಿರುವುದು ಸಮ ದಪ್ಪದ, ಒಂದೇ ಬಣ್ಣದ, ಸರಳ ಅಕ್ಷರ.

ಸಹಿ ಮಾಡುವುದಾದರೆ ನಿಮ್ಮ ಕೈಯಿಂದಲೇ ಬರೆಯಿರಿ. ಸಹಿಯಂತೆ ಕಾಣುವ ಫಾಂಟ್ ಕೊಂಡು ಹೆಸರು ಟೈಪ್ ಮಾಡುವುದರಲ್ಲಿ ಅರ್ಥ ಇಲ್ಲ, ಅಲ್ವಾ? ಅದೇ ಫಾಂಟ್ ಮದುವೆ ಕಾರ್ಡಿನ ಮೇಲೂ ಸೋಪಿನ ಡಬ್ಬದ ಮೇಲೂ ಇರುತ್ತದೆ, ಒಂದೇ ಅಕ್ಷರ ಎರಡು ಸಲ ಬಂದಾಗ ಎರಡೂ ತದ್ರೂಪ ಇರುವುದು ನೋಡಿದರೆ ಅದು ಕೈಬರಹ ಅಲ್ಲ ಅಂತ ತಿಳಿಯುತ್ತದೆ. ದಪ್ಪ ಬ್ರಶ್ ಅಥವಾ ಮಾರ್ಕರ್‌ನಲ್ಲಿ ಹಾಳೆ ತುಂಬ ಬರೆದು, ಚೆನ್ನಾಗಿ ಬಂದದ್ದನ್ನು ಸ್ಕ್ಯಾನ್ ಮಾಡಿ, ವೆಕ್ಟರ್‌ಗೆ (ಎಷ್ಟು ದೊಡ್ಡದು ಮಾಡಿದರೂ ಗೆರೆ ಒಡೆಯದ ಫೈಲ್‌ಗೆ) ತನ್ನಿ. ಹಾಗೇ ಒಂದು ಎಚ್ಚರಿಕೆ: ಬ್ಯಾಂಕ್ ಚೆಕ್ ಮೇಲೆ, ಒಪ್ಪಂದದ ಮೇಲೆ ಹಾಕುವ ನಿಮ್ಮ ನಿಜವಾದ ಸಹಿಯನ್ನು ಯಾವತ್ತೂ ಲೋಗೋ ಮಾಡಬೇಡಿ. ಎಲ್ಲರಿಗೂ ಸಿಗುವ ಹಾಗೆ ಸ್ವಚ್ಛವಾದ ಫೈಲ್ ಮಾಡಿ ಇಂಟರ್ನೆಟ್‌ಗೆ ಹಾಕಿದಂತೆ ಆಗುತ್ತದೆ.

ಚಿತ್ರ ಅಥವಾ ಚಿಹ್ನೆ

ಹೆಸರೇ ಇಲ್ಲದೆ ಒಂದು ಆಕಾರ ಮಾತ್ರ. ಎಲ್ಲರಿಗೂ ಇದೇ ಬೇಕು, ಯಾಕೆಂದರೆ ದೊಡ್ಡ ಕಂಪನಿಗಳಲ್ಲಿ ನೋಡಿರುವುದು ಇದನ್ನೇ. ಆದರೆ ಆ ಕಂಪನಿಗಳು ಅಲ್ಲಿಗೆ ಹೇಗೆ ತಲುಪಿದವು ಎನ್ನುವುದನ್ನು ಗಮನಿಸಬೇಕು. ನೈಕಿಯ ಚಿಹ್ನೆಯನ್ನು ಕ್ಯಾರೊಲಿನ್ ಡೇವಿಡ್ಸನ್ 1971ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಮಾಡಿಕೊಟ್ಟರು. ಕಂಪನಿ ಹೆಸರನ್ನು ಬಿಟ್ಟು ಬರೀ ಆ ಗೆರೆಯನ್ನೇ ತನ್ನ ಲೋಗೋ ಮಾಡಿಕೊಂಡದ್ದು 1995ರಲ್ಲಿ. ಮಾಸ್ಟರ್‌ಕಾರ್ಡ್ ತನ್ನ ಎರಡು ವೃತ್ತಗಳ ಜೊತೆಯಿಂದ ಹೆಸರು ತೆಗೆದದ್ದು 2019ರಲ್ಲಿ. ಎರಡು ದಶಕಕ್ಕೂ ಹೆಚ್ಚು ಕಾಲ, ಲೆಕ್ಕವಿಲ್ಲದಷ್ಟು ಜಾಹೀರಾತು. ಚಿಹ್ನೆಗೆ ಅರ್ಥ ಬಂದದ್ದು ಹಾಗೆ, ಆಕಾರದಿಂದ ಅಲ್ಲ. ವರ್ಷಕ್ಕೆ ಹತ್ತೋ ಇಪ್ಪತ್ತೋ ಕ್ಲೈಂಟ್‌ಗಳ ಜೊತೆ ಕೆಲಸ ಮಾಡುವವರಿಗೆ ಆ ಅವಕಾಶ ಇರುವುದಿಲ್ಲ.

ಹಾಗಂತ ಬೇಡವೇ ಬೇಡ ಅಂತಲ್ಲ. ಚಿತ್ರಕಾರ ಜೇಮ್ಸ್ ವಿಸ್ಲರ್ (1834–1903) ತನ್ನ ಹೆಸರಿನ ಅಕ್ಷರಗಳನ್ನು ತಿದ್ದುತ್ತಾ ತಿದ್ದುತ್ತಾ ಚಿಟ್ಟೆ ಮಾಡಿಕೊಂಡ, ಆಮೇಲೆ ಅದಕ್ಕೆ ಮುಳ್ಳಿನಂಥ ಬಾಲವೂ ಬಂತು, ಚಿತ್ರದಲ್ಲಿ ಎಲ್ಲಿ ಕೂತರೆ ಚೆಂದ ಎಂದು ನೋಡಿ ನೋಡಿ ಅದನ್ನು ಇಡುತ್ತಿದ್ದ. ಒಂದೇ ದಿನ ಕೂತು ಹುಟ್ಟಿಸಿದ ಚಿಹ್ನೆ ಅಲ್ಲ ಅದು. ನಿಮ್ಮ ಕೆಲಸದಲ್ಲಿ ಪದೇ ಪದೇ ಬರುವ ಒಂದು ಆಕೃತಿ ಈಗಾಗಲೇ ಇದ್ದರೆ, ಜನ ಅದರಿಂದಲೇ ನಿಮ್ಮನ್ನು ಗುರುತಿಸುತ್ತಿದ್ದರೆ, ಅದನ್ನೇ ಚಿಹ್ನೆ ಮಾಡಿ. ಇಲ್ಲದಿದ್ದರೆ ಪೆನ್ ನಿಬ್ಬು, ಬಲ್ಬು, ಕ್ಯಾಮೆರಾ ಶಟರ್, ಗರಿ ಇವನ್ನು ದಯವಿಟ್ಟು ಬಿಡಿ. ಇವು ನಿಮ್ಮ ವೃತ್ತಿಯನ್ನು ಹೇಳುತ್ತವೆ, ನಿಮ್ಮನ್ನಲ್ಲ.

ಕಾರ್ಟೂನ್ ಮುಖ ಮಾಡಿಕೊಳ್ಳುವವರೂ ಇದ್ದಾರೆ. ಕಾರ್ಟೂನ್, ಕಾಮಿಕ್ಸ್, ಮಕ್ಕಳ ಚಿತ್ರ ಮಾಡುವವರಿಗೆ ಸರಿ. ಉಳಿದವರು ಪ್ರೊಫೈಲ್‌ನಲ್ಲಿ ತಮ್ಮ ನಿಜವಾದ ಫೋಟೋ ಹಾಕುವುದೇ ವಾಸಿ. ಒಬ್ಬ ಮನುಷ್ಯನನ್ನು ಕೆಲಸಕ್ಕೆ ಕರೆಯುವವರಿಗೆ ಮುಖ ನೋಡಬೇಕು ಅನಿಸುತ್ತದೆ, ಲೋಗೋಗೆ ಸೈಟ್ ಮತ್ತು ಇನ್‌ವಾಯ್ಸ್ ಇದ್ದೇ ಇದೆ.

ಸ್ವಂತ ಹೆಸರೋ, ಸ್ಟುಡಿಯೋ ಹೆಸರೋ

ಲೋಗೋ ಮಾಡುವ ಮೊದಲೇ ಇದು ತೀರ್ಮಾನ ಆಗಬೇಕು. ಮುಂದೆ ಇಬ್ಬರು ಮೂವರನ್ನು ಸೇರಿಸಿಕೊಳ್ಳುವ ಯೋಚನೆ ನಿಜವಾಗಿ ಇದ್ದರೆ ಸ್ಟುಡಿಯೋ ಹೆಸರು ಇಡಿ. ನಿಮ್ಮ ಹೆಸರಿನದೇ ಇನ್ನೊಬ್ಬ ಫೋಟೋಗ್ರಾಫರ್ ಆಗಲೇ ಪ್ರಸಿದ್ಧರಿದ್ದರೂ ಸ್ಟುಡಿಯೋ ಹೆಸರು ಒಳ್ಳೆಯದು. ಬರೀ ದೊಡ್ಡದಾಗಿ ಕಾಣಲಿ ಅಂತ ಆದರೆ ಬೇಡ. ಕ್ಲೈಂಟ್ ಮೊದಲ ಕರೆಯಲ್ಲೇ "ನಿಮ್ಮ ಟೀಮ್‌ನಲ್ಲಿ ಎಷ್ಟು ಜನ" ಅಂತ ಕೇಳುತ್ತಾರೆ, ಆಗ ಒಬ್ಬನೇ ಅಂತ ಹೇಳಬೇಕಾಗಿ ಬಂದಾಗ ಸುಮ್ನೆ ಅನುಮಾನ ಹುಟ್ಟುತ್ತದೆ. ಹೆಸರು ತೀರಾ ಸಾಮಾನ್ಯ ಅನಿಸಿದರೆ ಪಕ್ಕದಲ್ಲಿ ಕೆಲಸದ ಪದ ಸೇರಿಸಿ, ಹೆಸರಿನ ಕೆಳಗೆ ಚಿಕ್ಕದಾಗಿ "ಪುಸ್ತಕ ವಿನ್ಯಾಸ" ಅಂತ. ಕೆಲಸ ಬದಲಾದರೆ ಆ ಸಾಲು ಮಾತ್ರ ಬದಲಿಸಿದರೆ ಆಯಿತು.

ಯಾರು ಮಾಡಬೇಕು?

ಡಿಸೈನರ್ ಆಗಿದ್ದರೆ ನೀವೇ ಮಾಡಿ, ಕ್ಲೈಂಟ್ ಮೊದಲು ನೋಡುವ ನಿಮ್ಮ ಕೆಲಸ ಅದೇ. ಆದರೆ ಸ್ವಂತಕ್ಕೆ ಮಾಡುವಾಗ ಮುಗಿಯುವುದೇ ಇಲ್ಲ, ಬೇಡ ಅನ್ನಲು ಎದುರಿಗೆ ಯಾರೂ ಇರುವುದಿಲ್ಲವಲ್ಲ. ಅದಕ್ಕೆ ಕ್ಲೈಂಟ್‌ಗೆ ಬರೆಸುವ ಹಾಗೆಯೇ ನಿಮಗೂ ಒಂದು ಪುಟದ ಬ್ರೀಫ್ (ಏನು ಬೇಕು, ಯಾಕೆ ಬೇಕು ಎನ್ನುವ ಟಿಪ್ಪಣಿ) ಬರೆದುಕೊಳ್ಳಿ, ಕೊನೆಯ ದಿನಾಂಕ ಸಮೇತ. ಅಮೆರಿಕದ ಲೋಗೋ ವಿನ್ಯಾಸಕಾರ ಪಾಲ್ ರ‍್ಯಾಂಡ್ 1986ರಲ್ಲಿ ಸ್ಟೀವ್ ಜಾಬ್ಸ್‌ರ ನೆಕ್ಸ್ಟ್ ಕಂಪನಿಗೆ ಲೋಗೋ ಮಾಡಿಕೊಟ್ಟಾಗ ತೋರಿಸಿದ್ದು ಒಂದೇ ವಿನ್ಯಾಸ. ನಿಮ್ಮ ವಿಷಯದಲ್ಲಿ ಮೂರಕ್ಕೆ ನಿಲ್ಲಿಸಿದರೂ ಸಾಕು.

ನೀವು ಬರಹಗಾರರೋ ವಿಡಿಯೋ ಎಡಿಟರೋ ಆಗಿದ್ದರೆ ಬೇರೆ ಫ್ರೀಲ್ಯಾನ್ಸರ್‌ಗೆ ಕೊಡುವುದು ಒಳ್ಳೆಯದು. ಕೆಲಸಕ್ಕೆ ಕೆಲಸ ಬದಲಿಸಿಕೊಳ್ಳುವುದೂ ಆಗುತ್ತದೆ: ಅವರ ಸೈಟ್‌ಗೆ ನೀವು ಬರೆದುಕೊಡಿ, ಅವರು ಲೋಗೋ ಮಾಡಿಕೊಡಲಿ. ಆದರೆ ಹಕ್ಕು ಯಾರದು ಎನ್ನುವುದನ್ನು ಬರವಣಿಗೆಯಲ್ಲಿ ಇಟ್ಟುಕೊಳ್ಳಿ, ಸ್ನೇಹಿತರಾದರೂ ಸರಿ.

ರೆಡಿ ಟೆಂಪ್ಲೇಟ್‌ಗಳ ವಿಷಯ ಚಿಕ್ಕದಾಗಿ ಹೇಳಿದರೆ, ತಾತ್ಕಾಲಿಕಕ್ಕೆ ಪರವಾಗಿಲ್ಲ. ಕ್ಯಾನ್ವಾದಂಥ ಆನ್‌ಲೈನ್ ಡಿಸೈನ್ ಸೈಟ್‌ಗಳಲ್ಲಿ ಸಿಗುವ ಲೋಗೋ ಟೆಂಪ್ಲೇಟ್ ನಿಮ್ಮೊಬ್ಬರಿಗೇ ಕೊಟ್ಟದ್ದಲ್ಲ, ಬೇರೆಯವರೂ ಅದನ್ನೇ ಬಳಸಬಹುದು, ಅಲ್ಲಿನ ಸ್ಟಾಕ್ ಚಿತ್ರ ಇರುವ ಲೋಗೋವನ್ನು ಟ್ರೇಡ್‌ಮಾರ್ಕ್ ಮಾಡಿಸಲು ಅವರ ನಿಯಮವೇ ಬಿಡುವುದಿಲ್ಲ. ಎಐನಲ್ಲಿ ಬರೆಸಿದ ಚಿತ್ರಕ್ಕೂ ಹಕ್ಕಿನ ತೊಡಕಿದೆ. ಅಮೆರಿಕದಲ್ಲಿ ಮನುಷ್ಯ ರಚಿಸಿದ್ದಕ್ಕೆ ಮಾತ್ರ ಕಾಪಿರೈಟ್ ಎಂದು ಅಲ್ಲಿನ ಕಾಪಿರೈಟ್ ಕಚೇರಿ ಹೇಳುತ್ತದೆ, 2023ರಲ್ಲಿ ಫೆಡರಲ್ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಕ್ರಿಯೇಟಿವ್ ಕೆಲಸವನ್ನೇ ಮಾರುವವರ ಲೋಗೋ ಹೀಗಿದ್ದರೆ ಹಕ್ಕಿಗಿಂತ ದೊಡ್ಡ ನಷ್ಟ ನಂಬಿಕೆಯದು.

ಆರಿಸಿದ ಮೇಲೆ ಪರೀಕ್ಷೆ

ಬಣ್ಣ ಕೊನೆಗೆ. ಮೊದಲು ಬರೀ ಕಪ್ಪಿನಲ್ಲಿ ನಿಲ್ಲಬೇಕು, ಆಮೇಲೆ ಕಪ್ಪು ಹಿನ್ನೆಲೆಯಲ್ಲಿ ಬರೀ ಬಿಳಿಯಾಗಿ. ಗ್ರೇಡಿಯಂಟ್ (ಒಂದು ಬಣ್ಣ ಇನ್ನೊಂದಕ್ಕೆ ಕರಗುವುದು) ಇದ್ದರೇನೇ ಚೆಂದ ಅನ್ನಿಸುವ ಲೋಗೋ ಸಾದಾ ಪ್ರಿಂಟರ್‌ನ ಇನ್‌ವಾಯ್ಸ್‌ನಲ್ಲಿ ಕಲೆಯಂತೆ ಬರುತ್ತದೆ. ವೆಬ್‌ನಲ್ಲಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ತಿಳಿ-ಗಾಢ ವ್ಯತ್ಯಾಸ) ಇರಬೇಕು ಎನ್ನುವುದು ಅಂತರರಾಷ್ಟ್ರೀಯ ಮಾರ್ಗಸೂಚಿ. ಲೋಗೋಗೆ ಅದರಿಂದ ವಿನಾಯಿತಿ ಇದೆ, ಆದರೂ ನಿಮ್ಮ ಹೆಸರು ಓದಲು ಆಗಲಿ ಎನ್ನುವ ಆಸೆ ಇದ್ದರೆ ಆ ವಿನಾಯಿತಿ ತೆಗೆದುಕೊಳ್ಳಬೇಡಿ.

ಪ್ರೊಫೈಲ್ ಚಿತ್ರದ ಚೌಕವನ್ನು ವೃತ್ತವಾಗಿ ಕತ್ತರಿಸಿದಾಗ ಶೇ. 21ರಷ್ಟು ಜಾಗ ಹೋಗುತ್ತದೆ, ಅಷ್ಟೂ ಮೂಲೆಗಳಲ್ಲೇ. ಅದಕ್ಕೆ ಚಿಕ್ಕ ಆವೃತ್ತಿಯನ್ನು ಮೊದಲೇ ವೃತ್ತದೊಳಗೆ ಇಟ್ಟು ನೋಡಿ. ಪರಿಚಯ ಇಲ್ಲದವರಿಗೆ ಫೋನ್‌ನಲ್ಲಿ ಎರಡು ಮೂರು ಸೆಕೆಂಡು ತೋರಿಸಿ, ತೆಗೆದುಬಿಡಿ, "ಏನು ಬರೆದಿತ್ತು" ಅಂತ ಕೇಳಿ. "ಚೆನ್ನಾಗಿದೆಯಾ" ಅಂತ ಮಾತ್ರ ಕೇಳಬೇಡಿ, ಎಲ್ಲರೂ ಹೌದು ಅಂತಾರೆ.

ಫೈಲ್‌ಗಳು: ಮೂಲ ವೆಕ್ಟರ್ ಫೈಲ್, ಎಸ್‌ವಿಜಿ, ಪಿಡಿಎಫ್, ಹಿನ್ನೆಲೆ ಇಲ್ಲದ ಪಿಎನ್‌ಜಿ. ಅಕ್ಷರಗಳನ್ನೆಲ್ಲ ಔಟ್‌ಲೈನ್ ಮಾಡಿ (ಅಂದರೆ ಬರೀ ಆಕಾರವಾಗಿ ಬದಲಿಸಿ) ಉಳಿಸಿ, ಇಲ್ಲದಿದ್ದರೆ ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ನಿಮ್ಮ ಹೆಸರು ಬೇರೆ ರೂಪದಲ್ಲಿ ತೆರೆದುಕೊಳ್ಳುತ್ತದೆ, ಕನ್ನಡದಲ್ಲಾದರೆ ಒತ್ತುಗಳು ಚೆಲ್ಲಾಪಿಲ್ಲಿಯಾಗುವುದೂ ಉಂಟು. ಟ್ಯಾಬ್‌ಗೆ 16 ಮತ್ತು 32 ಪಿಕ್ಸೆಲ್, ಐಫೋನ್ ಹೋಮ್ ಸ್ಕ್ರೀನ್‌ಗೆ 180 ಪಿಕ್ಸೆಲ್. ಅಡೋಬಿ ಇಲ್ಲಸ್ಟ್ರೇಟರ್ ಸಾಫ್ಟ್‌ವೇರ್ ಇಲ್ಲದವರಿಗೆ ಉಚಿತ ಇಂಕ್‌ಸ್ಕೇಪ್ ಇಷ್ಟಕ್ಕೆ ಧಾರಾಳ ಸಾಕು.

ಟ್ರೇಡ್‌ಮಾರ್ಕ್ ಮಾಡಿಸುವ ಯೋಚನೆ ಇದ್ದರೆ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಸರಕು, ಸೇವೆಗಳ 45 ವರ್ಗಗಳಿವೆ. ಗ್ರಾಫಿಕ್ ಡಿಸೈನ್ 42ರಲ್ಲಿ, ಫೋಟೋಗ್ರಫಿ 41ರಲ್ಲಿ ಬರುತ್ತದೆ. ನೋಂದಣಿ ಮಾಡಿಸದಿದ್ದರೂ ಆ ವರ್ಗಗಳಲ್ಲಿ ನಿಮ್ಮದರ ಹಾಗೆ ಇರುವುದು ಬೇರೆ ಇದೆಯಾ ಅಂತ ಹುಡುಕಿ ನೋಡಿ, ಇಮೇಜ್ ಸರ್ಚ್‌ನಲ್ಲೂ ಹಾಕಿ ನೋಡಿ.

ಹಳೆಯ ಲೋಗೋದಿಂದ ಹೊಸದಕ್ಕೆ ಹೋಗುವವರು ಒಂದೇ ದಿನದಲ್ಲಿ ಎಲ್ಲ ಕಡೆ ಬದಲಿಸಿ: ಸೈಟ್, ಪ್ರೊಫೈಲ್, ಇನ್‌ವಾಯ್ಸ್ ಟೆಂಪ್ಲೇಟ್, ಇಮೇಲ್ ಸಹಿ. ಅರ್ಧ ಹಳೆಯದು ಅರ್ಧ ಹೊಸದು ಇದ್ದರೆ, ಇನ್‌ವಾಯ್ಸ್ ನೋಡಿ ದುಡ್ಡು ಹಾಕುವ ಲೆಕ್ಕದ ವಿಭಾಗದವರು ಇದು ಬೇರೆ ಯಾರದೋ ಅಂತ ಪಕ್ಕಕ್ಕೆ ಇಟ್ಟುಬಿಡಬಹುದು. ಹಳೆಯ ಫೋಟೋಗಳ ವಾಟರ್‌ಮಾರ್ಕ್ ಹಾಗೇ ಇರಲಿ, ಅದನ್ನು ತಿದ್ದುತ್ತಾ ಕೂರುವ ಅಗತ್ಯ ಇಲ್ಲ.